ತೌಡು, ಹೊಟ್ಟು, ಖಾರದ ಪುಡಿ: ಬೂದಿ ಪರೀಕ್ಷೆ ಮಾಡುವ ಬಗೆ

ಭತ್ತದ ತೌಡಿಗೆ ನುಣ್ಣಗೆ ಬೀಸಿದ ಹೊಟ್ಟು ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ. ಬಣ್ಣದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ, ಕೈಯಲ್ಲಿ ಹಿಡಿದು ಉಜ್ಜಿದರೂ ಅನುಭವಸ್ಥರಿಗಷ್ಟೇ ಅನುಮಾನ ಬರುತ್ತದೆ. ಸುಟ್ಟರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಒಳ್ಳೆಯ ತೌಡು ಪೂರ್ತಿ ಸುಟ್ಟ ಮೇಲೆ ಸುಮಾರು ಶೇ 7ರಿಂದ 10ರಷ್ಟು ಬೂದಿ ಉಳಿಯುತ್ತದೆ. ಹೊಟ್ಟಿನದಾದರೆ ಶೇ 20ರ ಆಸುಪಾಸು. ಶೇ 8 ಬೂದಿ ಇರಬೇಕಾದ ತೌಡಿನಲ್ಲಿ ಶೇ 11 ಬಂತೆಂದರೆ ಅದರಲ್ಲಿ ಕಾಲು ಭಾಗ ಹೊಟ್ಟೇ ಇರಬಹುದು. ಎಣ್ಣೆ ತೆಗೆಯುವ ಕಾರ್ಖಾನೆಯವರು ತೌಡಿನ ಲೋಡಿಗೆ ದರ ಕಟ್ಟುವಾಗ, ದನದ ಆಹಾರ ತಯಾರಿಸುವವರು ಚೀಲ ಇಳಿಸಿಕೊಳ್ಳುವಾಗ ಈ ಒಂದು ಅಂಕಿಯನ್ನು ಕೇಳುವುದು ಇದಕ್ಕೇ.

ರಾಯಚೂರು ಜಿಲ್ಲೆಯಲ್ಲಿ ಬೂದಿ ಪರೀಕ್ಷೆಗೆ ಬರುವ ಸರಕಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಸಿಂಧನೂರು, ಮಾನ್ವಿ ಕಡೆ ಭತ್ತ ಬೆಳೆಯುತ್ತದೆ. ಆ ಭತ್ತ ಗಿರಣಿಗೆ ಬಂದರೆ ತೂಕದ ಐದನೇ ಒಂದು ಪಾಲು ಹೊಟ್ಟಾಗಿ ಹೊರಬೀಳುತ್ತದೆ, ಜೊತೆಗೆ ತೌಡು. ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ದೇವದುರ್ಗದ ಕಡೆಯಿಂದ ಹತ್ತಿ, ಮೆಣಸಿನಕಾಯಿ, ತೊಗರಿ. ರಾಯಚೂರಿನ ಮಾರುಕಟ್ಟೆ ರಾಜೇಂದ್ರ ಗಂಜ್‌ನ ಸುತ್ತ ಹತ್ತಿಕಾಳು, ಹಿಂಡಿ. ಇತ್ತೀಚೆಗೆ ಬಾಯ್ಲರ್‌ಗಳಿಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯನ್ನು ಒತ್ತಿ ಮಾಡಿದ ಬ್ರಿಕೆಟ್ ಕೂಡ ಮಾರಾಟಕ್ಕಿವೆ. ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ 1985ರಿಂದ ನಡೆಯುತ್ತಿರುವ ಶಾಖೋತ್ಪನ್ನ ಕೇಂದ್ರವಂತೂ, 8 ಘಟಕ, 1720 ಮೆಗಾವ್ಯಾಟ್ ಸಾಮರ್ಥ್ಯದ್ದು, ಕಲ್ಲಿದ್ದಲಿನ ಬೂದಿಯ ಲೆಕ್ಕದ ಮೇಲೆಯೇ ನಿಂತಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರವರೆಗೆ ಬೂದಿ ಇರುವುದು ಸಾಮಾನ್ಯ.

ಪರೀಕ್ಷೆ ನೋಡಲು ಬಲು ಸರಳ. ತೂಗು, ಸುಡು, ಮತ್ತೆ ತೂಗು. ಹಾಗಾಗಿಯೇ ಕಾಲೇಜಿನ ಪ್ರಾಯೋಗಿಕ ತರಗತಿಗಳಲ್ಲಿ ಇದನ್ನು ಹಗುರಾಗಿ ಮುಗಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಒಂದೇ ಚೀಲದ ಮಾಲಿಗೆ ಎರಡು ಪ್ರಯೋಗಾಲಯ ಎರಡು ಅಂಕಿ ಕೊಟ್ಟು ಜಗಳ ಬರುವುದು ಬೇರೆ ಯಾವ ಪರೀಕ್ಷೆಗಿಂತಲೂ ಬೂದಿಯಲ್ಲೇ ಹೆಚ್ಚು. ಕಾರಣ ಇಷ್ಟೆ: ಎಷ್ಟು ಡಿಗ್ರಿಯಲ್ಲಿ ಸುಟ್ಟಿದ್ದು, ಒಣ ತೂಕದ ಮೇಲೋ ಹಸಿ ತೂಕದ ಮೇಲೋ, ಮಾದರಿ ಎಲ್ಲಿಂದ ತೆಗೆದದ್ದು ಎಂಬ ಮೂರು ವಿವರ ಇಲ್ಲದ ಬೂದಿಯ ಅಂಕಿಗೆ ಬೆಲೆಯೇ ಇಲ್ಲ. ವರದಿಯಲ್ಲಿ ಈ ಮೂರೂ ಇಲ್ಲದಿದ್ದರೆ ಆ ಕಾಗದ ಹಿಡಿದು ದರ ಕಡಿತ ಮಾಡಲು ಯಾರಿಗೂ ಹಕ್ಕಿಲ್ಲ ಎಂದು ನಾನು ನಂಬುತ್ತೇನೆ.

ಮೊದಲು ಮಾದರಿ. ಲಾರಿಯಲ್ಲಿ ಬಂದ ಹೊಟ್ಟು ದಾರಿಯುದ್ದಕ್ಕೂ ಕುಲುಕಿ ಕುಲುಕಿ ಮಣ್ಣು, ನುಣ್ಣನೆಯ ಧೂಳು ಎಲ್ಲ ಕೆಳಕ್ಕೆ ಇಳಿದಿರುತ್ತದೆ. ಮೇಲಿನಿಂದ ಒಂದು ಬೊಗಸೆ ತೆಗೆದರೆ ಮಾರುವವನಿಗೆ ಲಾಭ, ತಳದಿಂದ ತೆಗೆದರೆ ಕೊಳ್ಳುವವನಿಗೆ ಲಾಭ. ಆದ್ದರಿಂದ ಮೇಲೆ, ನಡುವೆ, ತಳ, ನಾಲ್ಕು ಮೂಲೆ, ಹೀಗೆ ಹಲವು ಕಡೆಯಿಂದ ತೆಗೆದು ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ಒಟ್ಟಿಗೆ ರಾಶಿ ಮಾಡಬೇಕು. ರಾಶಿಯನ್ನು ಚಪ್ಪಟೆ ಮಾಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ತೆಗೆಯಬೇಕು. ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗ. ಅರ್ಧ ಕಿಲೋಗೆ ಇಳಿಯುವವರೆಗೆ ಇದೇ ಕೆಲಸ. ಹಾಳೆಯ ಮೇಲೆ ಉಳಿದ ಧೂಳನ್ನು ಗುಡಿಸಿ ಸಮನಾಗಿ ಸೇರಿಸಬೇಕು, ಕೊಡವಿ ಎಸೆಯಬಾರದು. ಆ ಧೂಳಿನಲ್ಲೇ ಮರಳಿರುವುದು.

ಆಮೇಲೆ ಬೀಸುವುದು. 1 ಮಿಲಿಮೀಟರ್ ಜರಡಿಯಲ್ಲಿ ಪೂರ್ತಿ ಇಳಿಯುವ ಹಾಗೆ ಉಕ್ಕಿನ ಬ್ಲೇಡಿನ ಗಿರಣಿಯಲ್ಲಿ ಬೀಸಿ. ಕಲ್ಲಿನ ಗಿರಣಿಗೆ ಒಯ್ಯಬೇಡಿ, ಕಲ್ಲು ಸವೆದು ಬರುವ ಪುಡಿಯೆಲ್ಲ ನಿಮ್ಮ ಬೂದಿಯ ಲೆಕ್ಕಕ್ಕೆ ಸೇರುತ್ತದೆ. ಜರಡಿಯ ಮೇಲೆ ಉಳಿದ ಒರಟು ಚೂರನ್ನು ಬಿಸಾಡದೆ ಮತ್ತೆ ಬೀಸಿ ಸೇರಿಸಿ. ಬೀಸಿದ್ದರಲ್ಲಿ ಒಂದು ಪಾಲು ತೇವಾಂಶಕ್ಕೆ, ಒಂದು ಪಾಲು ಬೂದಿಗೆ, ಒಂದು ಪಾಲು ಸೀಲ್ ಮಾಡಿ ಕಾಯ್ದಿಡಲು. ಒಂದೇ ದಿನ ತೇವಾಂಶ ಮತ್ತು ಬೂದಿ ಎರಡಕ್ಕೂ ತೂಗಿಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ರಾಯಚೂರಿನ ಒಣ ಗಾಳಿಗೆ ತೆರೆದಿಟ್ಟ ಪುಡಿ ಬೇಗ ಆರುತ್ತದೆ, ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ.

ಮೂಸೆಗೆ ಬರೋಣ. ಪಿಂಗಾಣಿಯದೋ ಸಿಲಿಕಾದ್ದೋ, ಮುಚ್ಚಳವಿರುವ ಕ್ರೂಸಿಬಲ್ ಸಾಕು. ಅದಕ್ಕೆ ಸಂಖ್ಯೆ ಬರೆಯುವುದೇ ಹೊಸಬರಿಗೆ ಮೊದಲ ತೊಡಕು. ಪೆನ್ಸಿಲ್, ಮಾರ್ಕರ್ ಎಲ್ಲ ಒಲೆಯಲ್ಲಿ ಮಾಯವಾಗಿ, ಹೊರಬಂದ ಹನ್ನೆರಡು ಮೂಸೆಗಳಲ್ಲಿ ಯಾವುದು ಯಾರದ್ದೆಂದು ತಿಳಿಯದೆ ಇಡೀ ದಿನದ ಕೆಲಸ ಹಾಳಾಗುತ್ತದೆ. ಮಾಮೂಲಿ ಶಾಯಿಗೆ ಸ್ವಲ್ಪ ಫೆರಿಕ್ ಕ್ಲೋರೈಡ್ ದ್ರಾವಣ ಬೆರೆಸಿ ಬರೆದು ಒಮ್ಮೆ ಸುಡಿ. ಕಬ್ಬಿಣ ಆಕ್ಸೈಡ್ ಆಗಿ ಕೆಂಗಂದು ಅಕ್ಷರ ಪಿಂಗಾಣಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಅಳಿಯುವುದಿಲ್ಲ. ಖಾಲಿ ಮೂಸೆಯನ್ನೂ ಪರೀಕ್ಷೆಯ ತಾಪಮಾನದಲ್ಲೇ ಒಂದು ಗಂಟೆ ಕಾಯಿಸಿ, ತೇವ ತಾಗದಂತೆ ಮುಚ್ಚಿಡುವ ಡೆಸಿಕೇಟರ್‌ನಲ್ಲಿ ಆರಿಸಿ ತೂಗಬೇಕು. ತೊಳೆದು ಒಣಗಿಸಿದ ಮೂಸೆಯ ತೂಕವನ್ನೇ ಬರೆದುಕೊಂಡರೆ ಆಮೇಲೆ ಹಾರಿಹೋಗುವ ತೇವವೂ ನಿಮ್ಮ ಲೆಕ್ಕದಲ್ಲಿ ಕೂತಿರುತ್ತದೆ. ತಕ್ಕಡಿ 0.1 ಮಿಲಿಗ್ರಾಂವರೆಗೆ ತೋರಿಸುವಂಥದ್ದಿರಬೇಕು.

2ರಿಂದ 5 ಗ್ರಾಂ ಮಾದರಿಯನ್ನು ಮೂಸೆಗೆ ಹಾಕಿ ತಳದಲ್ಲಿ ತೆಳ್ಳಗೆ ಹರಡಿ. ನೇರ ಮಫಲ್ ಫರ್ನೇಸ್‌ಗೆ ನೂಕಬೇಡಿ. ಮೊದಲು ಹಾಟ್ ಪ್ಲೇಟ್ ಮೇಲೆ ಅಥವಾ ಸಣ್ಣ ಉರಿಯ ಮೇಲೆ ಇಟ್ಟು ಹೊಗೆ ನಿಲ್ಲುವವರೆಗೆ ಕರಿ ಮಾಡಿಕೊಳ್ಳಬೇಕು. ಖಾರದ ಪುಡಿಯಾದರೆ ಈ ಹಂತವನ್ನು ಫ್ಯೂಮ್ ಹುಡ್ ಒಳಗೇ ಮಾಡಿ. ಇಲ್ಲದಿದ್ದರೆ ಕಟ್ಟಡದ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಕೆಮ್ಮುತ್ತ ಹೊರಗೆ ಓಡುತ್ತಾರೆ. ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿಯಲ್ಲಿ ಎಣ್ಣೆ ಉಳಿದಿರುವುದರಿಂದ ಉರಿ ಜೋರಾದರೆ ಭಗ್ ಎಂದು ಹೊತ್ತಿಕೊಂಡು ಮಸಿಯ ಜೊತೆ ಬೂದಿಯೂ ಹಾರುತ್ತದೆ. ಮುಚ್ಚಳವನ್ನು ಓರೆಯಾಗಿ ಇಟ್ಟು ಸಣ್ಣ ಶಾಖದಲ್ಲಿ ತಾಳ್ಮೆಯಿಂದ ಕಾಯಿಸುವುದೊಂದೇ ದಾರಿ.

ಹೊಗೆ ನಿಂತ ಮೇಲೆ ಫರ್ನೇಸ್. ಆಹಾರ, ಮೇವು, ಹಿಂಡಿಗೆ 550 ಡಿಗ್ರಿ ಸೆಲ್ಸಿಯಸ್. ಕೃಷಿ ತ್ಯಾಜ್ಯದ ಇಂಧನ, ಬ್ರಿಕೆಟ್‌ಗೂ ಅಂತರರಾಷ್ಟ್ರೀಯ ಮಾನಕ 550 ಡಿಗ್ರಿಯನ್ನೇ ಹೇಳುತ್ತದೆ. ಕಲ್ಲಿದ್ದಲಿಗೆ ಮಾತ್ರ ಭಾರತೀಯ ಮಾನಕ ಐಎಸ್ 1350ರ ಪ್ರಕಾರ 815 ಡಿಗ್ರಿ. ಇಲ್ಲೇ ಬಹಳ ಎಡವಟ್ಟು ಆಗುವುದು. ಕಲ್ಲಿದ್ದಲಿಗೆ ಹೊಂದಿಸಿಟ್ಟ ಫರ್ನೇಸ್‌ನಲ್ಲೇ ಹತ್ತಿ ಕಟ್ಟಿಗೆಯ ಮಾದರಿಯನ್ನೂ ಸುಟ್ಟುಬಿಡುತ್ತಾರೆ. ಅಷ್ಟು ಶಾಖಕ್ಕೆ ಸಸ್ಯದಲ್ಲಿರುವ ಪೊಟ್ಯಾಸಿಯಂ ಕ್ಲೋರೈಡಿನ ಒಂದು ಪಾಲು ಆವಿಯಾಗಿ ಹೋಗುತ್ತದೆ, ಸುಣ್ಣದ ಕಾರ್ಬನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೂದಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬ್ರಿಕೆಟ್ ಮಾರುವವರಿಗೆ ಅಂಥ ವರದಿ ಖುಷಿ ಕೊಡುತ್ತದೆ, ಆದರೆ ಅದನ್ನು 550ರಲ್ಲಿ ಸುಟ್ಟ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವುದು ಅನ್ಯಾಯ.

ತಾಪಮಾನವನ್ನು ಒಮ್ಮೆಲೇ ಏರಿಸದೆ 250 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ನಂತರ ನಿಧಾನವಾಗಿ 550ಕ್ಕೆ ಒಯ್ದು 4ರಿಂದ 6 ಗಂಟೆ ಬಿಡಿ. ಫರ್ನೇಸ್‌ನ ಹಲಗೆ ತೋರಿಸುವ ಅಂಕಿಯನ್ನು ಕುರುಡಾಗಿ ನಂಬಬಾರದು. ಬಾಗಿಲ ಬಳಿಯ ಜಾಗ ಒಳಭಾಗಕ್ಕಿಂತ ತಣ್ಣಗಿರುತ್ತದೆ. ಬೇರೊಂದು ಥರ್ಮೋಕಪಲ್ ಇಟ್ಟು ಒಳಗೆ, ನಡುವೆ, ಬಾಗಿಲ ಬಳಿ ನಿಜವಾಗಿ ಎಷ್ಟಿದೆ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ ಬರೆದಿಡಿ. ತಾಲ್ಲೂಕು ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಕರೆಂಟಿನ ಕಾಟ ಬೇರೆ. ನಡುವೆ ವಿದ್ಯುತ್ ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಿ. ಮತ್ತೆ ಬಂದ ಮೇಲೆ 550 ತಲುಪಿದ ಹೊತ್ತಿನಿಂದ ಸಮಯ ಹೊಸದಾಗಿ ಎಣಿಸಿದರೆ ಮಾದರಿಗೇನೂ ಕೆಡುಕಿಲ್ಲ.

ನಮ್ಮ ಜಿಲ್ಲೆಯ ಹೊಟ್ಟಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಹೊಟ್ಟಿನ ಬೂದಿಯಲ್ಲಿ ಶೇ 85ರಿಂದ 95ರವರೆಗೆ ಸಿಲಿಕಾ. ಭತ್ತದ ಗಿಡ ನೀರಿನೊಂದಿಗೆ ಹೀರಿಕೊಂಡು ಹೊಟ್ಟಿನ ಮೈಯಲ್ಲೆಲ್ಲ ತುಂಬಿಟ್ಟುಕೊಂಡ ಸಿಲಿಕಾ ಅದು. ಬೇಗ ಬೇಗ ಶಾಖ ಏರಿಸಿದರೆ ಹೊಟ್ಟಿನ ಪೊಟ್ಯಾಸಿಯಂ ಈ ಸಿಲಿಕಾದ ಮೇಲ್ಮೈಯನ್ನು ಕರಗಿಸಿ ಗಾಜಿನಂತೆ ಮುಚ್ಚಿಬಿಡುತ್ತದೆ. ಒಳಗಿನ ಇಂಗಾಲಕ್ಕೆ ಗಾಳಿ ತಾಗುವುದೇ ಇಲ್ಲ. ಆಮೇಲೆ ಎಂಟು ಗಂಟೆ ಸುಟ್ಟರೂ ಬೂದಿ ಕಪ್ಪಗೇ ಉಳಿಯುತ್ತದೆ. ಗಿರಣಿಯ ಬಾಯ್ಲರ್‌ನಿಂದ ಹೊರಬರುವ ಬೂದಿ ಕಪ್ಪಾಗಿರುವುದಕ್ಕೆ ಅರೆಬರೆ ಸುಡುವುದರ ಜೊತೆ ಇದೂ ಒಂದು ಕಾರಣ. ನಿಧಾನವಾಗಿ ಸುಟ್ಟ ಹೊಟ್ಟಿನ ಬೂದಿಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಬೀಸದೆ ಇಟ್ಟ ಹೊಟ್ಟಾದರೆ ಅದರ ದೋಣಿಯಾಕಾರ, ಮೇಲಿನ ಸಾಲು ಸಾಲು ಉಬ್ಬು, ತುದಿಯ ಮೊನೆ ಎಲ್ಲ ಹಾಗೇ ಉಳಿದು, ಬಣ್ಣವೊಂದು ಹೋಗಿ ಹಾಲಿನಂತೆ ಬೆಳ್ಳಗಾಗಿರುತ್ತದೆ. ಮುಟ್ಟಿದರೆ ಪುಡಿ. ಬಾಗಿಲು ತೆರೆದಾಗ ಬರುವ ಗಾಳಿಗೇ ಅದು ಹಾರುವಷ್ಟು ಹಗುರ, ಆದ್ದರಿಂದ ಹೊಟ್ಟಿನ ಮೂಸೆ ಹೊರತೆಗೆಯುವ ಮೊದಲು ಮುಚ್ಚಳ ಮುಚ್ಚಲೇಬೇಕು.

ಬೇರೆ ಮಾದರಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ಮೂಸೆ ಆರಿದ ಮೇಲೆ ನಾಲ್ಕಾರು ಹನಿ ಡಿಸ್ಟಿಲ್ಡ್ ನೀರು ಹಾಕಿ ಬೂದಿಯನ್ನು ನೆನೆಸಿ. ಮೇಲಿನ ಲವಣ ಕರಗಿ ಒಳಗಿನ ಕರಿ ಬಿಚ್ಚಿಕೊಳ್ಳುತ್ತದೆ. ಹಾಟ್ ಪ್ಲೇಟ್ ಮೇಲೆ ಪೂರ್ತಿ ಒಣಗಿಸಿ ಮತ್ತೆ ಒಂದು ಗಂಟೆ ಸುಡಿ. ಒಣಗಿಸದೆ ಒಲೆಗಿಟ್ಟರೆ ಸಿಡಿದು ಮೂಸೆಯಿಂದಾಚೆ ಬೀಳುತ್ತದೆ.

ಬೂದಿಯ ಬಣ್ಣವೂ ಮಾತಾಡುತ್ತದೆ. ಬಿಳಿ ಅಥವಾ ತಿಳಿ ಬೂದು ಸಹಜ. ತಿಳಿ ಹಸಿರು ಛಾಯೆ ಬಂದರೆ ಮ್ಯಾಂಗನೀಸ್. ಇಟ್ಟಿಗೆಯ ಕೆಂಪು ಬಂದರೆ ಕಬ್ಬಿಣ, ನಮ್ಮ ಕಡೆಯ ಜೋಳದ ಕಣಿಕೆಯಲ್ಲೋ ನೆಲದ ಮೇಲೆ ಒಣಗಿಸಿದ ಮೆಣಸಿನಕಾಯಿಯಲ್ಲೋ ಅದು ಕಂಡರೆ ಕೆಂಪು ಮಸಾರಿ ಮಣ್ಣು ಸೇರಿದೆಯೇ ಎಂದು ಅನುಮಾನಿಸಬೇಕು.

ಸುಟ್ಟಾದ ಮೇಲೆ ಅವಸರ ಬೇಡ. 250 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬಾಗಿಲು ತೆರೆದು, ಇಕ್ಕಳದ ಮೂತಿಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಮೂಸೆ ಎತ್ತಿ ಡೆಸಿಕೇಟರ್‌ಗೆ ಇಡಿ. ತಣ್ಣನೆಯ ಇಕ್ಕಳ ತಾಗಿದರೆ ಪಿಂಗಾಣಿ ಟಪ್ಪೆಂದು ಸೀಳುತ್ತದೆ. ಕಾದ ಮೂಸೆಗೂ ಆರಿದ ಮೂಸೆಗೂ ನೋಟದಲ್ಲಿ ಏನೂ ವ್ಯತ್ಯಾಸವಿಲ್ಲ ಎಂಬುದನ್ನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಿ. ಡೆಸಿಕೇಟರ್ ಒಳಗಿನ ಗಾಳಿ ಮೊದಲು ಹಿಗ್ಗಿ ಮುಚ್ಚಳವನ್ನು ಎತ್ತಬಹುದು, ಆದ್ದರಿಂದ ಒಂದೆರಡು ನಿಮಿಷ ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿಟ್ಟು ಆಮೇಲೆ ಮುಚ್ಚಿ. ಆರಿದಾಗ ಒಳಗೆ ಒತ್ತಡ ಕುಸಿದಿರುತ್ತದೆ. ಥಟ್ಟನೆ ತೆಗೆದರೆ ನುಗ್ಗುವ ಗಾಳಿಗೆ ಬೂದಿ ಚೆಲ್ಲಾಪಿಲ್ಲಿ. ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಬದಲಿಸಿ. ಪೊಟ್ಯಾಸಿಯಂ ಹೆಚ್ಚಿರುವ ಬೂದಿ, ಹತ್ತಿ ಕಟ್ಟಿಗೆಯದ್ದು ಅಂಥದ್ದು, ಗಾಳಿಯ ತೇವವನ್ನು ಕಣ್ಣೆದುರೇ ಎಳೆಯುತ್ತದೆ. ತಕ್ಕಡಿಯ ಕೊನೆಯ ಅಂಕಿ ಏರುತ್ತಲೇ ಇದ್ದರೆ ಅದೇ ಗುರುತು. ತಕ್ಕಡಿ ಕೋಣೆಯ ಫ್ಯಾನ್ ಆರಿಸಿ, ಬೇಗ ತೂಗಿ. ಮತ್ತೆ ಅರ್ಧ ಗಂಟೆ ಸುಟ್ಟು ತೂಗಿದಾಗ ಎರಡು ತೂಕದ ನಡುವೆ 1 ಮಿಲಿಗ್ರಾಂಗಿಂತ ಕಡಿಮೆ ಅಂತರ ಬಂದರೆ ಕೆಲಸ ಮುಗಿಯಿತು.

ಈಗ ಲೆಕ್ಕ. ದೇವದುರ್ಗದ ಕಡೆಯಿಂದ ಬಂದ ಖಾರದ ಪುಡಿಯ ಮಾದರಿ ಎಂದಿಟ್ಟುಕೊಳ್ಳೋಣ. ಖಾಲಿ ಮೂಸೆ 28.4120 ಗ್ರಾಂ. ಪುಡಿ ಹಾಕಿದ ಮೇಲೆ 31.4150 ಗ್ರಾಂ. ಅಂದರೆ ಪುಡಿ 3.0030 ಗ್ರಾಂ. ಸುಟ್ಟ ಮೇಲೆ ಮೂಸೆ 28.6402 ಗ್ರಾಂ ತೂಗಿತು, ಬೂದಿ 0.2282 ಗ್ರಾಂ. ಬೂದಿಯನ್ನು ಪುಡಿಯ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 7.60. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಖಾರದ ಪುಡಿಯ ಒಟ್ಟು ಬೂದಿ ಶೇ 8 ಮೀರಬಾರದು. ಪಾಸಾಯಿತು ಎಂದು ಹಲವರು ಇಲ್ಲೇ ಸಹಿ ಹಾಕಿಬಿಡುತ್ತಾರೆ. ಆದರೆ ಆ ಮಿತಿ ಇರುವುದು ಒಣ ತೂಕದ ಮೇಲೆ. ಪುಡಿಯಲ್ಲಿ ಶೇ 11 ತೇವಾಂಶ ಇದ್ದರೆ 7.60ನ್ನು 0.89ರಿಂದ ಭಾಗಿಸಬೇಕು. ಬರುವುದು 8.54. ಅದೇ ಪುಡಿ ಈಗ ನಪಾಸು. ಒಂದು ಭಾಗಾಕಾರ ಬಿಟ್ಟುಹೋದದ್ದಕ್ಕೆ ಮಾಲು ವಾಪಸು ಬಂದರೆ ನಷ್ಟ ಮಾರಿದ ಬೆಳೆಗಾರರ ತಲೆಗೆ.

ಬೂದಿ ಹೆಚ್ಚು ಬಂತೆಂದ ಮಾತ್ರಕ್ಕೆ ಮಣ್ಣೇ ಸೇರಿದೆ ಎಂದಲ್ಲ. ಗಿಡದ ಸ್ವಂತ ಖನಿಜವೂ ಇರಬಹುದು, ಉಪ್ಪೂ ಇರಬಹುದು. ಇದನ್ನು ಬೇರ್ಪಡಿಸಲು ಆಮ್ಲದಲ್ಲಿ ಕರಗದ ಬೂದಿಯನ್ನು ಅಳೆಯಬೇಕು. ತೂಗಿದ ಬೂದಿಗೆ 25 ಮಿಲಿಲೀಟರ್ ಸಾರ ಇಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ವಾಚ್ ಗ್ಲಾಸ್ ಮುಚ್ಚಿ, ಐದು ನಿಮಿಷ ಮೆಲ್ಲಗೆ ಕುದಿಸಿ. ಬೂದಿ ಉಳಿಸದ ವಾಟ್‌ಮನ್ 42 ಸೋಸುಕಾಗದದಲ್ಲಿ ಸೋಸಿ, ಬಿಸಿನೀರಿನಲ್ಲಿ ತೊಳೆಯಿರಿ. ಸೋಸಿ ಬಂದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಮಬ್ಬು ಕಾಣದಿದ್ದರೆ ತೊಳೆದದ್ದು ಸಾಕು. ಕಾಗದವನ್ನು ಅದೇ ಮೂಸೆಯಲ್ಲಿಟ್ಟು ಮತ್ತೆ ಸುಟ್ಟು ತೂಗಿ. ಪೊಟ್ಯಾಸಿಯಂ, ಸುಣ್ಣ, ಉಪ್ಪು ಎಲ್ಲ ಆಮ್ಲದ ಜೊತೆ ಹೋಗಿರುತ್ತದೆ, ಮರಳು ಉಳಿದಿರುತ್ತದೆ. ಖಾರದ ಪುಡಿಗೆ ಇದರ ಮಿತಿ ಒಣ ತೂಕದ ಮೇಲೆ ಶೇ 1.3. ಹೊಲದ ಅಂಚಿನ ಬರಿ ನೆಲದ ಮೇಲೆ ಹಣ್ಣು ಮೆಣಸಿನಕಾಯಿ ಹರವಿ ಒಣಗಿಸುವ ರೈತರು ಕೆಳಗೊಂದು ತಾಡಪಾಲು ಹಾಸಿದರೆ ಈ ಅಂಕಿ ಎಷ್ಟು ಇಳಿಯುತ್ತದೆಂದು ಪಕ್ಕಪಕ್ಕದಲ್ಲಿಟ್ಟು ತೋರಿಸುವುದು ಯಾವ ಭಾಷಣಕ್ಕಿಂತಲೂ ಪರಿಣಾಮಕಾರಿ. ಹೊಟ್ಟು, ಭತ್ತದ ಹುಲ್ಲಿನ ಮಟ್ಟಿಗೆ ಮಾತ್ರ ಈ ಪರೀಕ್ಷೆಯಿಂದ ಮರಳನ್ನು ಗುರುತಿಸಲಾಗದು. ಅವುಗಳ ಸ್ವಂತ ಸಿಲಿಕಾವೇ ಆಮ್ಲಕ್ಕೆ ಬಗ್ಗುವುದಿಲ್ಲ. ಅದೇ ಗುಣದಿಂದ ತೌಡಿಗೆ ಹೊಟ್ಟು ಬೆರೆಸಿದ್ದನ್ನು ಒಟ್ಟು ಬೂದಿಗಿಂತಲೂ ಖಚಿತವಾಗಿ ಇದು ಹಿಡಿದುಕೊಡುತ್ತದೆ.

ಎರೆಹುಳು ಗೊಬ್ಬರ ಮಾರುವವರಿಗೂ ಒಟ್ಟು ಬೂದಿಯ ಪರೀಕ್ಷೆ ಬೇಕು. ಒಣಗಿಸಿದ ಗೊಬ್ಬರ ಸುಟ್ಟಾಗ ಹಾರಿಹೋದದ್ದನ್ನು ಸಾವಯವ ಪದಾರ್ಥ ಎಂದು ಹಿಡಿದು 1.724ರಿಂದ ಭಾಗಿಸಿದರೆ ಸಾವಯವ ಇಂಗಾಲ ಸಿಗುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಎರೆಹುಳು ಗೊಬ್ಬರದಲ್ಲಿ ಅದು ಕನಿಷ್ಠ ಶೇ 18 ಇರಬೇಕು. ಬೂದಿ ಶೇ 70 ಉಳಿದರೆ ಹಾರಿದ್ದು 30, ಇಂಗಾಲ 17.4, ಅಂದರೆ ನಪಾಸು. ಹೊಲದ ಮಣ್ಣಿನ ಸಾವಯವ ಇಂಗಾಲಕ್ಕೆ ಮಾತ್ರ ಈ ದಾರಿ ಹಿಡಿಯಬೇಡಿ. ನಮ್ಮ ಎರೆಮಣ್ಣಿನ ಜೇಡಿ ತನ್ನ ಹರಳಿನೊಳಗೇ ನೀರನ್ನು ಕಟ್ಟಿಟ್ಟುಕೊಂಡಿರುತ್ತದೆ, ಹೆಚ್ಚು ಶಾಖಕ್ಕೆ ಅದೂ ಹಾರಿಹೋಗಿ ಬಡ ಮಣ್ಣು ಸಮೃದ್ಧ ಮಣ್ಣಿನಂತೆ ಕಾಣುತ್ತದೆ. ಮಣ್ಣಿಗೆ ಡೈಕ್ರೋಮೇಟ್ ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನವೇ ಸರಿ.

ಸ್ವಂತ ಫರ್ನೇಸ್ ಇಲ್ಲದವರು ಮಾದರಿಯನ್ನು ಹೊರಗೆ ಕೊಡಬಹುದು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣೆಗೆಂದೇ ಪ್ರಯೋಗಾಲಯವಿದೆ. ಎಲ್ಲಿಗೆ ಕೊಟ್ಟರೂ ಗಾಳಿಯಾಡದ ಡಬ್ಬಿಯಲ್ಲಿ ಕಾಲು ಕಿಲೋಗೆ ಕಡಿಮೆಯಿಲ್ಲದಂತೆ ಕೊಡಿ. ಅರ್ಜಿಯಲ್ಲೇ ಒಟ್ಟು ಬೂದಿ, ಆಮ್ಲದಲ್ಲಿ ಕರಗದ ಬೂದಿ, ತೇವಾಂಶ, ಮೂರನ್ನೂ ಕೇಳಿ. ಪ್ರತಿ ಮಾದರಿಯನ್ನು ಜೋಡಿಯಾಗಿ ಸುಟ್ಟು ಎರಡೂ ಅಂಕಿಯನ್ನು ವರದಿಯಲ್ಲಿ ಕಾಣಿಸಲು ಹೇಳಿ, ಸುಟ್ಟ ತಾಪಮಾನವನ್ನು ಬರೆಸಿಕೊಳ್ಳಿ. ಕೊಟ್ಟ ಮಾದರಿಯ ಇನ್ನೊಂದು ಪಾಲನ್ನು ಎರಡೂ ಕಡೆಯವರು ಸಹಿ ಹಾಕಿ ಸೀಲ್ ಮಾಡಿ, ಹಣ ಕೈಸೇರುವವರೆಗೆ ತೇವ ತಾಗದ ಜಾಗದಲ್ಲಿ ಇಟ್ಟುಕೊಳ್ಳಿ. ತಕರಾರು ಬಂದ ದಿನ ಮೂರನೆಯ ಪ್ರಯೋಗಾಲಯಕ್ಕೆ ಕಳಿಸಬೇಕಾದದ್ದು ಅದನ್ನೇ.